ಬಿಡಿಯಾಗಿ ಮಾರಲಾಗದ ಈರುಳ್ಳಿ

ಸಮೇತನಹಳ್ಳಿಯಂಥ ಊರಿನ ಅಂಗಡಿಯಲ್ಲಿ ಈರುಳ್ಳಿ ಮೂಟೆಯ ಬಾಯಿ ಬಿಚ್ಚಿ ಬಾಗಿಲ ಪಕ್ಕಕ್ಕೆ ಒರಗಿಸಿರುತ್ತಾರೆ. ಬಂದವರು ಬಗ್ಗಿ, ಮೆತ್ತಗಾದದ್ದನ್ನೂ ಮೊಳಕೆ ಇಣುಕಿದ್ದನ್ನೂ ಸರಿಸಿ, ಗಟ್ಟಿ ಗಡ್ಡೆ ಆರಿಸಿ ತಕ್ಕಡಿಗೆ ಹಾಕುತ್ತಾರೆ. ಈ ವ್ಯಾಪಾರದಲ್ಲಿ ಕಾನೂನಿಗೆ ಯಾವ ತಕರಾರೂ ಇಲ್ಲ. ಆದರೆ ಅದೇ ಮೂಟೆಯ ಈರುಳ್ಳಿ, ಮೊಳಕೆ ಬರದಿರಲೆಂದು ಗಾಮಾ ಕಿರಣಕ್ಕೆ ಒಡ್ಡಿ ತಂದದ್ದಾಗಿದ್ದರೆ ಹೀಗೆ ಅರ್ಧ ಕಿಲೋ, ಒಂದು ಕಿಲೋ ತೂಗಿ ಕೊಡುವ ಹಾಗಿಲ್ಲ. ವಿಕಿರಣದಿಂದ ಸಂಸ್ಕರಿಸಿದ ಆಹಾರವನ್ನು ಮೊದಲೇ ಪ್ಯಾಕ್ ಮಾಡಿದ ಸ್ಥಿತಿಯಲ್ಲಷ್ಟೇ ಮಾರಬೇಕು ಎನ್ನುತ್ತದೆ, ಆಹಾರ ಮಾರಾಟದ ನಿಷೇಧ ಮತ್ತು ನಿರ್ಬಂಧಗಳ ಕುರಿತ 2011ರ ನಿಯಮಾವಳಿ. ಪ್ಯಾಕಿನ ಮೇಲೆ ಹಸಿರು ಗುರುತು ಇರಬೇಕು. ಯಾವ ದಿನ, ಯಾತಕ್ಕಾಗಿ, ಯಾವ ಲೈಸೆನ್ಸಿನ ಘಟಕದಲ್ಲಿ ಸಂಸ್ಕರಿಸಿದ್ದು ಎಂದು ಬರೆದಿರಬೇಕು.

ಇಂಥದ್ದೊಂದು ನಿಯಮ ಇದೆಯೆಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಗಿರಾಕಿಗೂ ಗೊತ್ತಿರುವುದಿಲ್ಲ. ಅವರದೇನೂ ತಪ್ಪಲ್ಲ. ಹಸಿರು ಗುರುತಿನ ಈರುಳ್ಳಿ ಪೊಟ್ಟಣವನ್ನು ಹಳ್ಳಿಯ ಅಂಗಡಿಯಲ್ಲಿ ನೋಡಿದವರು ಯಾರು?

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯ ಈ ಊರು ಕನ್ನಡ ಓದುಗರಿಗೆ ಲೇಖಕ ಸಮೇತನಹಳ್ಳಿ ರಾಮರಾಯರ ಹೆಸರಿನಿಂದ ಪರಿಚಿತ. ಈಗ ಒಂದು ಕಡೆಯಿಂದ ಕಾಡುಗೋಡಿ, ವೈಟ್‌ಫೀಲ್ಡ್‌ಗಳ ಅಪಾರ್ಟ್‌ಮೆಂಟುಗಳು ಇದರತ್ತ ಒತ್ತಿಕೊಂಡು ಬರುತ್ತಿವೆ. ಇನ್ನೊಂದು ಕಡೆ, ಜಿಲ್ಲೆಯ ಗಡಿ ದಾಟಿದರೆ ಕೋಲಾರದ ಮಾಲೂರು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಇನ್ನೋವಾ ಅಗ್ರಿ ಬಯೋ ಪಾರ್ಕ್ ಎಂಬ ಕಡೆ ಗಾಮಾ ವಿಕಿರಣ ಘಟಕವಿದೆ. ಅಮೆರಿಕಕ್ಕೆ ಹೋಗುವ ಮಾವನ್ನು ಸಂಸ್ಕರಿಸಲು ಅಲ್ಲಿನ ಕೃಷಿ ಇಲಾಖೆಯ ಒಪ್ಪಿಗೆ ಪಡೆದ ಭಾರತದ ಕೆಲವೇ ಘಟಕಗಳಲ್ಲಿ ಇದೂ ಒಂದು. ಉಳಿದವು ಮಹಾರಾಷ್ಟ್ರದ ಲಾಸಲಗಾಂವ್, ವಾಶಿ ಮತ್ತು ಗುಜರಾತಿನ ಬಾವಳಾ ಕಡೆಯವು. ಅಂದರೆ ನಮ್ಮ ಕಡೆಯ ಬಾದಾಮಿ, ಬಂಗನಪಲ್ಲಿ ಹಣ್ಣು ಹಸಿರು ಗುರುತು ಒತ್ತಿಸಿಕೊಂಡು ಸಾವಿರಾರು ಮೈಲಿ ಆಚೆಯ ಅಂಗಡಿಗೆ ಹೋಗಬಲ್ಲದು. ಪಕ್ಕದ ಹೋಬಳಿಯ ಅಂಗಡಿಗೆ ಬರುವ ದಾರಿ ಮಾತ್ರ ಕಾಣುವುದಿಲ್ಲ. ಈ ವಿಚಿತ್ರಕ್ಕೆ ತಂತ್ರಜ್ಞಾನ ಕಾರಣವಲ್ಲ. ಮಾರಾಟದ ಕಾನೂನನ್ನು ಬರೆದವರ ಕಣ್ಣಮುಂದೆ ಪ್ಯಾಕೆಟ್ಟು ಇತ್ತು, ಮೂಟೆ ಇರಲಿಲ್ಲ.

ಮೊದಲು ಘಟಕದೊಳಗೆ ಏನಾಗುತ್ತದೆ ನೋಡೋಣ. ಆಳೆತ್ತರದಷ್ಟು ದಪ್ಪದ ಕಾಂಕ್ರೀಟ್ ಗೋಡೆಯ ಕೋಣೆ. ಒಳಗೆ ಹೋಗುವ ದಾರಿ ನೇರವಾಗಿಲ್ಲ, ತಿರುವು ತಿರುವಾಗಿದೆ. ಕಿರಣ ನೇರ ಗೆರೆಯಲ್ಲಿ ಓಡುತ್ತದೆ, ಗೋಡೆಗೆ ಬಡಿದು ಪ್ರತಿ ತಿರುವಿನಲ್ಲೂ ಸೊರಗುತ್ತದೆ ಎನ್ನುವ ಲೆಕ್ಕ. ಕೋಣೆಯ ನಡುವೆ ಸುಮಾರು ಆರು ಮೀಟರ್ ಆಳದ ನೀರಿನ ತೊಟ್ಟಿ. ಕೋಬಾಲ್ಟ್-60 ತುಂಬಿದ ಉಕ್ಕಿನ ಪೆನ್ಸಿಲುಗಳು ಕೆಲಸವಿಲ್ಲದಾಗ ಆ ನೀರಿನ ತಳದಲ್ಲಿರುತ್ತವೆ. ಮೇಲಿನಿಂದ ಇಣುಕಿದರೆ ನೀರು ನೀಲಿಯಾಗಿ ಬೆಳಗುತ್ತಿರುತ್ತದೆ. ಕೆಲಸ ಶುರುವಾದಾಗ ಪೆನ್ಸಿಲುಗಳ ಚೌಕಟ್ಟು ಮೇಲೆದ್ದು ಬರುತ್ತದೆ, ಪೆಟ್ಟಿಗೆಗಳನ್ನು ಹೊತ್ತ ತೊಟ್ಟಿಲುಗಳು ಅದರ ಸುತ್ತ ನಿಧಾನಕ್ಕೆ ಸುತ್ತಿ ಹೊರಬರುತ್ತವೆ. ಪೆಟ್ಟಿಗೆ ಬಿಚ್ಚುವುದಿಲ್ಲ, ಹಣ್ಣು ಕೋಬಾಲ್ಟನ್ನು ಮುಟ್ಟುವುದಿಲ್ಲ. ಕೋಬಾಲ್ಟಿನ ಶಕ್ತಿ 5.27 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಘಟಕದವರು ಆಗಾಗ ಹೊಸ ಪೆನ್ಸಿಲು ತರಿಸಬೇಕು, ಇಲ್ಲದಿದ್ದರೆ ಅದೇ ಪೆಟ್ಟಿಗೆಯನ್ನು ಹೆಚ್ಚು ಹೊತ್ತು ನಿಲ್ಲಿಸಬೇಕು.

ಆಹಾರಕ್ಕೆ ಎಷ್ಟು ಕಿರಣ ತಾಗಿತು ಎಂಬುದರ ಅಳತೆ ಗ್ರೇ. ಸಾವಿರ ಗ್ರೇ ಎಂದರೆ ಒಂದು ಕಿಲೋಗ್ರೇ. ಈರುಳ್ಳಿ ಮೊಳೆಯದಂತೆ ತಡೆಯಲು 2011ರ ಆಹಾರ ನಿಯಮಗಳ ಪಟ್ಟಿಯಲ್ಲಿದ್ದದ್ದು 30ರಿಂದ 90 ಗ್ರೇ. ಇದು ಅತಿ ಸಣ್ಣ ಪ್ರಮಾಣ ಎಂದು ಆಹಾರ ವಿಜ್ಞಾನಿಗಳು ಹೇಳುತ್ತಾರೆ. ಅವರ ಲೆಕ್ಕದಲ್ಲಿ ಅದು ನಿಜವೇ. ಆದರೆ ಮನುಷ್ಯನ ಮೈಗೆ ಒಮ್ಮೆಗೇ ನಾಲ್ಕೈದು ಗ್ರೇ ಬಿದ್ದು ಚಿಕಿತ್ಸೆ ಸಿಗದೆ ಹೋದರೆ ಅರ್ಧಕ್ಕರ್ಧ ಮಂದಿ ಉಳಿಯುವುದಿಲ್ಲ. ಆಹಾರದ ಈ ಒಂದು ವಿಧಾನ ಮಾತ್ರ ಅಣುಶಕ್ತಿ ಕಾನೂನಿನ ಕೆಳಗೆ ಬಂದದ್ದು ಯಾಕೆಂದು ಇಲ್ಲಿ ಅರ್ಥವಾಗುತ್ತದೆ. ಅಪಾಯ ಇರುವುದು ಘಟಕದಲ್ಲಿ ದುಡಿಯುವವರಿಗೆ, ತಿನ್ನುವವರಿಗಲ್ಲ.

ತಿನ್ನುವವರ ಭಯವೇ ಬೇರೆ. ವಿಕಿರಣ ತಾಗಿದ ಆಹಾರವೂ ವಿಕಿರಣ ಸೂಸುತ್ತದೇನೋ ಎಂಬುದು ಮೊದಲ ಅನುಮಾನ. ಎಕ್ಸ್‌ರೇ ತೆಗೆಸಿಕೊಂಡು ಬಂದವರ ಮೈಯಿಂದ ಎಕ್ಸ್‌ರೇ ಹೊರಡುವುದಿಲ್ಲ, ಇದೂ ಹಾಗೆಯೇ. ಆಹಾರದ ಪರಮಾಣುಗಳನ್ನೇ ಕೆಡಿಸಬಲ್ಲಷ್ಟು ಶಕ್ತಿಯ ಕಿರಣ ಬಳಸಕೂಡದೆಂದು ನಿಯಮಗಳು ಮಿತಿ ಹಾಕಿವೆ. ಯಂತ್ರದಿಂದ ಹೊಮ್ಮಿಸುವ ಎಲೆಕ್ಟ್ರಾನು 10 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ದಾಟಬಾರದು, ಎಕ್ಸ್‌ರೇ 5 ದಾಟಬಾರದು. ಕೋಬಾಲ್ಟಿನ ಗಾಮಾ ಈ ಎರಡಕ್ಕಿಂತಲೂ ತೀರ ಕೆಳಗೆ. ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಸೇರಿ ನೇಮಿಸಿದ ತಜ್ಞರ ಸಮಿತಿ 1980ರಲ್ಲಿ, ಸರಾಸರಿ 10 ಕಿಲೋಗ್ರೇವರೆಗೆ ಸಂಸ್ಕರಿಸಿದ ಆಹಾರದಿಂದ ತೊಂದರೆ ಇಲ್ಲವೆಂದು ಹೇಳಿತು. 1983ರಲ್ಲಿ ಕೋಡೆಕ್ಸ್ ಆಹಾರ ಆಯೋಗ ಅದನ್ನೇ ಜಾಗತಿಕ ಮಾನದಂಡ ಮಾಡಿತು.

ಹಾಗೆಂದು ಪ್ರಶ್ನೆಗಳೇ ಇಲ್ಲವೆಂದಲ್ಲ. ಬಿ1 ಜೀವಸತ್ವ ವಿಕಿರಣಕ್ಕೆ ಬೇಗ ನಲುಗುತ್ತದೆ. ಆಸ್ಟ್ರೇಲಿಯಾದಲ್ಲಿ 2008-09ರ ಸುಮಾರಿಗೆ, 50 ಕಿಲೋಗ್ರೇಗೂ ಹೆಚ್ಚಿನ ವಿಕಿರಣ ಕೊಟ್ಟ, ಆಮದಾದ ಒಣ ಆಹಾರವನ್ನು ತಿಂದ ಬೆಕ್ಕುಗಳ ಹಿಂಗಾಲು ಸೋತು, ನರಮಂಡಲದ ಕಾಯಿಲೆ ಬಂತು. ಬೆಕ್ಕಿನ ಆಹಾರಕ್ಕೆ ವಿಕಿರಣ ಕೊಡುವುದನ್ನು ಆ ದೇಶ ನಿಲ್ಲಿಸಿತು. ಮನುಷ್ಯರ ಆಹಾರಕ್ಕೆ ಯಾರೂ ಅಷ್ಟು ಕೊಡುವುದಿಲ್ಲ, ಯಾರೂ ಅದೊಂದನ್ನೇ ತಿಂದು ಬದುಕುವುದೂ ಇಲ್ಲ. ಆದರೂ ಪ್ರಮಾಣದ ಮೇಲೆ ಹಿಡಿತ ಬೇಕೆನ್ನುವವರ ಮಾತಿಗೆ ಇದು ಬಲ ಕೊಟ್ಟ ಪ್ರಸಂಗ.

ಭಾರತದಲ್ಲಿ ಈ ವಿಷಯ ಮೊದಲು ಜಗಳವಾದದ್ದು ಗೋಧಿಯ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1975ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ 15 ಮಕ್ಕಳನ್ನು ಐದೈದರಂತೆ ಮೂರು ಗುಂಪು ಮಾಡಿ, ಒಂದಕ್ಕೆ ಸಾಧಾರಣ ಗೋಧಿ, ಒಂದಕ್ಕೆ ಆಗಷ್ಟೇ ವಿಕಿರಣಗೊಳಿಸಿದ ಗೋಧಿ, ಇನ್ನೊಂದಕ್ಕೆ ವಿಕಿರಣಗೊಳಿಸಿ ಕೆಲವು ವಾರ ಇಟ್ಟ ಗೋಧಿ ತಿನ್ನಿಸಿದ್ದರು. ಆಗಷ್ಟೇ ವಿಕಿರಣಗೊಳಿಸಿದ್ದನ್ನು ತಿಂದ ಮಕ್ಕಳ ರಕ್ತಕಣಗಳಲ್ಲಿ ವರ್ಣತಂತುಗಳ ಸಂಖ್ಯೆ ಏರುಪೇರಾಗಿತ್ತು ಎಂಬುದು ಅವರ ವರದಿ. ಇಂಥ ಪ್ರಯೋಗಕ್ಕೆ ಅಪೌಷ್ಟಿಕ ಮಕ್ಕಳನ್ನು ಆರಿಸಿಕೊಂಡದ್ದು ಸರಿಯೇ ಎಂಬ ಪ್ರಶ್ನೆ ಇವತ್ತಾಗಿದ್ದರೆ ಮೊದಲು ಏಳುತ್ತಿತ್ತು. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಈ ಫಲಿತಾಂಶವನ್ನು ಒಪ್ಪಲಿಲ್ಲ. ಸರ್ಕಾರ ಪಿ.ಸಿ. ಕೇಶವನ್ ಮತ್ತು ಪಿ.ವಿ. ಸುಖಾತ್ಮೆ ಅವರನ್ನು ಪರಿಶೀಲನೆಗೆ ನೇಮಿಸಿತು. ಅಂಕಿಅಂಶಗಳು ಆ ತೀರ್ಮಾನವನ್ನು ಹೊರಲಾರವು ಎಂದು ಅವರು ಹೇಳಿದರು. ಐದು ಮಕ್ಕಳ ಗುಂಪಿನಿಂದ ದೊಡ್ಡ ಮಾತು ಹೇಳಲಾಗದು ಎಂಬುದು ನ್ಯಾಯವಾದ ಆಕ್ಷೇಪವೇ. ಆದರೂ ಆ ವರದಿ ಜಗತ್ತಿನಾದ್ಯಂತ ವಿರೋಧಿಗಳ ಕೈಗೆ ಸಿಕ್ಕಿತು, ಈಗಲೂ ಉಲ್ಲೇಖವಾಗುತ್ತದೆ.

ಕಾನೂನು ಬರಲು ಮತ್ತೆ ಹದಿನಾರು ವರ್ಷ ಹಿಡಿಯಿತು. 1962ರ ಅಣುಶಕ್ತಿ ಕಾಯ್ದೆಯ ಕೆಳಗೆ 1991ರಲ್ಲಿ ಆಹಾರ ವಿಕಿರಣ ನಿಯಂತ್ರಣ ನಿಯಮಗಳು ಬಂದವು. ಅವು ಬಂದ ಮಾತ್ರಕ್ಕೆ ಮಾರುವಂತಿರಲಿಲ್ಲ, ಏಕೆಂದರೆ ಮಾರಾಟದ ಬೀಗದ ಕೈ ಆಹಾರ ಕಲಬೆರಕೆ ತಡೆ ಕಾಯ್ದೆಯವರ ಬಳಿ ಇತ್ತು. 1994ರ ಆಗಸ್ಟಿನಲ್ಲಿ ಅವರು ಈರುಳ್ಳಿ, ಆಲೂಗಡ್ಡೆ ಮತ್ತು ಮಸಾಲೆಗಳಿಗೆ ಒಪ್ಪಿಗೆ ಕೊಟ್ಟರು. 1998 ಮತ್ತು 2001ರಲ್ಲಿ ಪಟ್ಟಿ ಬೆಳೆಯಿತು. ಮಾವು, ಶುಂಠಿ, ಬೆಳ್ಳುಳ್ಳಿ, ಅಕ್ಕಿ, ರವೆ, ಬೇಳೆ, ಮಾಂಸ, ಮೀನು ಒಂದೊಂದಾಗಿ ಸೇರಿದವು. ಕಲಬೆರಕೆ ಕಾಯ್ದೆ ಹೋಗಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು. ಅದರ 22ನೆಯ ಸೆಕ್ಷನ್ ಕುಲಾಂತರಿ, ಸಾವಯವ ಆಹಾರಗಳ ಸಾಲಿನಲ್ಲೇ ವಿಕಿರಣ ಸಂಸ್ಕರಿತ ಆಹಾರವನ್ನೂ ಹೆಸರಿಸಿ, ನಿಯಮಾವಳಿ ಅನುಮತಿಸಿದಂತಲ್ಲದೆ ಇವನ್ನು ತಯಾರಿಸುವ, ಹಂಚುವ, ಮಾರುವ, ಆಮದು ಮಾಡುವ ಹಾಗಿಲ್ಲ ಎನ್ನುತ್ತದೆ. ಸಾಮಾನ್ಯ ಆಹಾರಕ್ಕೆ ನಿಷೇಧಿಸಿಲ್ಲದ್ದೆಲ್ಲ ಸರಿ. ಇಲ್ಲಿ ಅನುಮತಿಸಿಲ್ಲದ್ದೆಲ್ಲ ತಪ್ಪು. ಅಣುಶಕ್ತಿ ಕಡೆಯ ನಿಯಮಗಳೂ 2012ರಲ್ಲಿ ಹೊಸದಾಗಿ ಬಂದವು.

ಹೀಗಾಗಿ ಒಂದು ಪೆಟ್ಟಿಗೆ ಮಾವಿಗೆ ಇಬ್ಬರು ಯಜಮಾನರು. ಘಟಕದ ಗೋಡೆ, ಕೋಬಾಲ್ಟು, ಕೆಲಸಗಾರರು ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಗಾವಲಿನಲ್ಲಿ. ಗೇಟಿನಿಂದ ಹೊರಬಂದ ಮೇಲೆ ಪ್ಯಾಕು, ಲೇಬಲ್ಲು, ಅಂಗಡಿ ಎಲ್ಲ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಕೆಳಗೆ, ಅಂದರೆ ನೆಲಮಟ್ಟದಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳ ಕೈಯಲ್ಲಿ. ಎಷ್ಟು ಪ್ರಮಾಣದ ವಿಕಿರಣ ಕೊಟ್ಟೆವು, ಯಾತಕ್ಕೆ ಕೊಟ್ಟೆವು ಎಂಬ ಪ್ರಮಾಣಪತ್ರ ಇಲ್ಲದೆ ಆಹಾರ ಘಟಕದಿಂದ ಹೊರಗೆ ಹೋಗಕೂಡದು. ವಿಶೇಷ ಅನುಮತಿಯಿಲ್ಲದೆ ಒಮ್ಮೆ ಕೊಟ್ಟದ್ದಕ್ಕೆ ಮತ್ತೆ ಕೊಡಕೂಡದು. ಹಳಸಿದ್ದನ್ನು ಹೊಸದು ಮಾಡುವ ಉಪಾಯವಾಗಿ ಇದು ಬಳಕೆಯಾಗದಿರಲಿ ಎಂಬುದು ಎರಡನೆಯದರ ಉದ್ದೇಶ.

2016ರಲ್ಲಿ ಒಂದು ಒಳ್ಳೆಯ ಬದಲಾವಣೆ ಆಯಿತು. ಅಲ್ಲಿಯವರೆಗೆ ಪಟ್ಟಿಯಲ್ಲಿ ಹೆಸರಿರುವ ಪದಾರ್ಥಕ್ಕೆ ಮಾತ್ರ ಅವಕಾಶ. ಮಾವಿಗೆ ಉಂಟು, ದಾಳಿಂಬೆಗೆ ಇಲ್ಲ ಎನ್ನುವ ಸ್ಥಿತಿ. ಈಗ ಎಂಟು ವರ್ಗಗಳಿವೆ. ಗಡ್ಡೆ ಗೆಣಸುಗಳದು ಒಂದು ವರ್ಗ, ಮೊಳಕೆ ತಡೆಗೆ 0.02ರಿಂದ 0.2 ಕಿಲೋಗ್ರೇ. ತಾಜಾ ಹಣ್ಣು ತರಕಾರಿ ಇನ್ನೊಂದು, ಕಾಳು ಬೇಳೆ ಮತ್ತೊಂದು. ಮಸಾಲೆ, ಒಣ ತರಕಾರಿ, ಕಾಫಿ, ಟೀ ಇರುವ ವರ್ಗಕ್ಕೆ ಸೂಕ್ಷ್ಮಾಣು ನಾಶಕ್ಕಾಗಿ 6ರಿಂದ 14 ಕಿಲೋಗ್ರೇ. ಸೈನಿಕರ, ಗಗನಯಾನಿಗಳ ಊಟ ಇರುವ ಕೊನೆಯ ವರ್ಗಕ್ಕೆ 25ರವರೆಗೂ ಹೋಗಬಹುದು. ಮಸಾಲೆಗೆ ಅಮೆರಿಕದ ಮಿತಿ 30, ಯೂರೋಪಿನದು 10. ವಿಜ್ಞಾನ ಒಂದೇ ಆದರೂ ಧೈರ್ಯ ಬೇರೆ ಬೇರೆ.

ಮಾವಿನ ವಿಷಯಕ್ಕೆ ಬಂದರೆ ಕಾನೂನು ಎಷ್ಟು ಸೂಕ್ಷ್ಮವಾಗಿ ಹೆಣೆದುಕೊಂಡಿದೆ ಎಂಬುದು ಕಾಣುತ್ತದೆ. ನಮ್ಮ ಮಾವಿನ ಓಟೆಯೊಳಗೆ ಮೂತಿಹುಳು ಇರುತ್ತದೆ. ಹಣ್ಣು ನೋಡಲು ಚೊಕ್ಕ, ಹೊರಗೆ ಒಂದು ಚುಕ್ಕಿಯೂ ಇರುವುದಿಲ್ಲ, ಓಟೆ ಒಡೆದರೆ ಒಳಗೆ ಕಪ್ಪು ಹುಳು ಕೂತಿರುತ್ತದೆ. ಜೊತೆಗೆ ಹಣ್ಣುನೊಣದ ಕಾಟ. ಇವು ತನ್ನ ತೋಟಗಳಿಗೆ ಬಂದಾವೆಂದು ಅಮೆರಿಕ ಹಲವು ವರ್ಷ ಭಾರತದ ಮಾವನ್ನು ಹೊರಗಿಟ್ಟಿತ್ತು. 2006ರಲ್ಲಿ ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ಮಾತುಕತೆಯ ಹೊತ್ತಿಗೆ ಬಾಗಿಲು ತೆರೆಯುವ ಮಾತಾಯಿತು. 2007ರ ಏಪ್ರಿಲ್‌ನಲ್ಲಿ ಲಾಸಲಗಾಂವ್‌ನಲ್ಲಿ ಸಂಸ್ಕರಿಸಿದ ಮೊದಲ ಪೆಟ್ಟಿಗೆಗಳು ಹೊರಟವು. ಷರತ್ತು: ಪೆಟ್ಟಿಗೆಯ ಪ್ರತಿ ಹಣ್ಣಿಗೂ ಕನಿಷ್ಠ 400 ಗ್ರೇ ತಾಗಿರಬೇಕು. ತಾಜಾ ಹಣ್ಣಿಗೆ ಅಲ್ಲಿನ ಆಹಾರ ಇಲಾಖೆಯ ಗರಿಷ್ಠ ಮಿತಿ 1 ಕಿಲೋಗ್ರೇ. ಹೊರ ಅಂಚಿನ ಹಣ್ಣಿಗೆ ಹೆಚ್ಚು, ನಡುವಿನದಕ್ಕೆ ಕಡಿಮೆ ತಾಗುವುದರಿಂದ ಪೆಟ್ಟಿಗೆಯ ಬೇರೆ ಬೇರೆ ಜಾಗದಲ್ಲಿ ಅಳತೆಯ ಬಿಲ್ಲೆ ಇಟ್ಟು ನೋಡಿ, ಈ ಎರಡು ಗೆರೆಗಳ ನಡುವೆ ಎಲ್ಲವೂ ಬೀಳುವಂತೆ ಓಟದ ವೇಗ ಹೊಂದಿಸುತ್ತಾರೆ.

ಇದರಲ್ಲಿ ನನಗೆ ಬಹಳ ಕುತೂಹಲದ್ದೆನಿಸಿದ ಸಂಗತಿ, 400 ಗ್ರೇಗೆ ಹುಳು ಕೂಡಲೇ ಸಾಯಬೇಕೆಂದಿಲ್ಲ ಎಂಬುದು. ಅದಕ್ಕೆ ಸಂತಾನಶಕ್ತಿ ಇರಕೂಡದು, ಅಷ್ಟೆ. ನ್ಯೂಯಾರ್ಕಿನಲ್ಲಿ ಯಾರಾದರೂ ಹಣ್ಣು ಕೊಯ್ದಾಗ ಓಟೆಯಿಂದ ಜೀವಂತ ಹುಳು ತೆವಳಿ ಬಂದರೂ ಕಾನೂನು ಮುರಿದಂತಾಗುವುದಿಲ್ಲ. ಮಿಕ್ಕ ಯಾವ ಸಂಸ್ಕರಣೆಯಲ್ಲೂ ಪರೀಕ್ಷಕ ಸತ್ತ ಹುಳು ನೋಡಿ ತೃಪ್ತಿಪಡಬಹುದು, ಇಲ್ಲಿ ಕಣ್ಣಿಗೆ ಕೆಲಸವಿಲ್ಲ. ನಂಬಬೇಕಾದ್ದು ಕಾಗದವನ್ನು.

ಕಾಗದ ಕೆಟ್ಟರೆ ಹಣ್ಣೂ ಕೆಟ್ಟಂತೆಯೇ. 2025ರ ಮೇ ತಿಂಗಳಲ್ಲಿ ನವಿ ಮುಂಬೈಯ ಘಟಕದಲ್ಲಿ ಸಂಸ್ಕರಿಸಿ ವಿಮಾನ ಹತ್ತಿಸಿದ ಸುಮಾರು 15 ಕಂತು ಮಾವನ್ನು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಗಳಲ್ಲಿ ತಡೆದರು. ಹಣ್ಣಿನಲ್ಲಿ ಹುಳು ಸಿಕ್ಕಿದ್ದಕ್ಕಲ್ಲ. ವಿಕಿರಣದ ಪ್ರಮಾಣಪತ್ರದಲ್ಲಿ ಲೋಪವಿದೆ ಎಂದು. ವಾಪಸ್ ತರಿಸಿಕೊಳ್ಳಿ, ಇಲ್ಲವೇ ಇಲ್ಲೇ ನಾಶಮಾಡಿ ಎಂದರು. ಮತ್ತೆ ವಿಮಾನದ ಬಾಡಿಗೆ ಕೊಟ್ಟು ತರುವಷ್ಟರಲ್ಲಿ ಹಣ್ಣು ಕೊಳೆತಿರುತ್ತದೆ, ರಫ್ತುದಾರರು ನಾಶಕ್ಕೆ ಒಪ್ಪಿದರು. ನಷ್ಟ ಸುಮಾರು ಐದು ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು.

ಮಸಾಲೆಯದು ಬೇರೆಯೇ ಕಥೆ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಳುಮೆಣಸು ಒಣಗುವುದು ಕಣದಲ್ಲಿ, ರಸ್ತೆಯಂಚಿನಲ್ಲಿ. ಮಣ್ಣು, ಹಕ್ಕಿ, ಇಲಿ ಎಲ್ಲದರ ಸಂಪರ್ಕವಾಗುತ್ತದೆ, ಸೂಕ್ಷ್ಮಾಣು ಕೋಟಿಗಟ್ಟಲೆ ಸೇರುತ್ತವೆ. ಬಿಸಿ ಹಬೆ ಕೊಟ್ಟರೆ ಘಮ ಹಾರಿಹೋಗುತ್ತದೆ. ಹಾಗಾಗಿ ಉದ್ಯಮ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಮೊರೆ ಹೋಯಿತು. ಅದು ಕ್ಯಾನ್ಸರ್‌ಕಾರಕ, ಯೂರೋಪು ಆಹಾರದಲ್ಲಿ ಅದನ್ನು ನಿಷೇಧಿಸಿದೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಭಾರತದ ಹೆಸರಾಂತ ಬ್ರಾಂಡುಗಳ ಕೆಲವು ಮಸಾಲೆ ಪುಡಿಗಳನ್ನು ಅಂಗಡಿಗಳಿಂದ ತೆಗೆಸಿದ್ದು ಈ ಅನಿಲದ ಉಳಿಕೆ ಕಂಡುಬಂದದ್ದಕ್ಕೆ. ಅನಿಲಕ್ಕೆ ಬದಲು ಗಾಮಾ ಕಿರಣ ಕೊಟ್ಟಿದ್ದರೆ ಉಳಿಕೆಯ ಪ್ರಶ್ನೆಯೇ ಇರುತ್ತಿರಲಿಲ್ಲ. ಹಾಗಿದ್ದೂ ಕಂಪನಿಗಳು ಹಿಂಜರಿಯುವುದಕ್ಕೆ ಒಂದು ಕಾರಣ ಲೇಬಲ್ಲು. ಅನಿಲ ಕೊಟ್ಟ ಪುಡಿಯ ಪ್ಯಾಕಿನ ಮೇಲೆ ಅದರ ಸುದ್ದಿ ಬರೆಯುವುದಿಲ್ಲ. ಕಿರಣ ಕೊಟ್ಟದ್ದರ ಮೇಲೆ ಬರೆಯಲೇಬೇಕು. ಬರೆದರೆ ಗಿರಾಕಿ ಹೆದರುತ್ತಾನೆ. ಹೆಚ್ಚು ಸುರಕ್ಷಿತವಾದುದಕ್ಕೆ ಎಚ್ಚರಿಕೆಯಂತೆ ಕಾಣುವ ಫಲಕ, ಕೆಟ್ಟದ್ದಕ್ಕೆ ಮೌನ. ಲೇಬಲ್ ತೆಗೆದುಹಾಕಿ ಎಂಬ ವಾದ ಇಲ್ಲಿಂದ ಹುಟ್ಟುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಅನಿಲದ ಮೇಲೂ ಲೇಬಲ್ ಬರಲಿ ಎಂಬುದು ನ್ಯಾಯವಾದ ಬೇಡಿಕೆ.

ಲೇಬಲ್ ಇಲ್ಲದೆ ಕದ್ದು ಮಾರಿದರೆ ಗೊತ್ತಾಗುತ್ತದೆಯೇ? ಮೂಗಿಗೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಆದರೆ ಪ್ರಯೋಗಾಲಯಕ್ಕೆ ಗೊತ್ತಾಗುತ್ತದೆ, ಅದೂ ಒಂದು ಚಂದದ ದಾರಿಯಲ್ಲಿ. ಮೆಣಸಿನಕಾಯಿಗೆ ಅಂಟಿದ ಹೊಲದ ದೂಳಿನ ಕಣಗಳಲ್ಲಿ ಸಿಲಿಕೇಟ್ ಖನಿಜ ಇರುತ್ತದೆ. ಕಿರಣ ತಾಗಿದಾಗ ಆ ಕಣ ಒಂದಿಷ್ಟು ಶಕ್ತಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ತಿಂಗಳುಗಳ ಮೇಲೆ ದೂಳನ್ನು ಬೇರ್ಪಡಿಸಿ ಕಾಯಿಸಿದರೆ ಮಿಣುಕು ಬೆಳಕು ಬಿಡುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಮೂಳೆ ಇರುವ ಮಾಂಸಕ್ಕೆ, ಕೊಬ್ಬಿರುವ ಆಹಾರಕ್ಕೆ ಬೇರೆ ಬೇರೆ ಪರೀಕ್ಷೆಗಳಿವೆ. ಯೂರೋಪಿನ ದೇಶಗಳು ಇವನ್ನು ಅಧಿಕೃತ ಮಾನದಂಡ ಮಾಡಿಕೊಂಡು ಅಂಗಡಿಗಳಿಂದ ಮಾದರಿ ತಂದು ಪರೀಕ್ಷಿಸುತ್ತವೆ. ಅಲ್ಲಿ ಮಿಶ್ರಣದಲ್ಲಿ ಒಂದು ಚಿಟಿಕೆ ವಿಕಿರಣಗೊಳಿಸಿದ ಮಸಾಲೆ ಇದ್ದರೂ ಹೇಳಬೇಕು. ನಮ್ಮ 2020ರ ಲೇಬಲ್ ನಿಯಮಾವಳಿಯೂ ಪದಾರ್ಥಗಳ ಪಟ್ಟಿಯಲ್ಲಿ ಅದನ್ನು ತಿಳಿಸಬೇಕೆನ್ನುತ್ತದೆ, ಆದರೆ ಪ್ಯಾಕಿಗೆ ಮಾತ್ರ. ನಸುಕಿನಲ್ಲೇ ಎದ್ದು ಹೊಸಕೋಟೆಯ ದಮ್ ಬಿರಿಯಾನಿಗೆ ಸಾಲು ನಿಲ್ಲುವವರಿಗೆ ಅದರ ಗರಂ ಮಸಾಲೆಯ ಪೂರ್ವಾಪರ ಗೊತ್ತಾಗುವುದಿಲ್ಲ. ಗೊತ್ತಾಗಲಿ ಎಂದು ಅವರೂ ಕೇಳಲಿಕ್ಕಿಲ್ಲ.

ನಮ್ಮಲ್ಲಿ ಲೇಬಲ್ ಹಾಕದೆ ಮಾರಿದರೆ ಅದು ತಪ್ಪು ಲೇಬಲಿನ ಆಹಾರವಾಗುತ್ತದೆ, 2006ರ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ಮೂರು ಲಕ್ಷ ರೂಪಾಯಿವರೆಗೆ ದಂಡ. ಅನುಮಾನ ಬಂದ ಗ್ರಾಹಕ ಶುಲ್ಕ ಕಟ್ಟಿ ತಾನೇ ಪರೀಕ್ಷೆ ಮಾಡಿಸಲು 40ನೆಯ ಸೆಕ್ಷನ್ ದಾರಿ ಕೊಡುತ್ತದೆ. ಆ ದಾರಿಯಲ್ಲಿ ಈರುಳ್ಳಿ ಹಿಡಿದು ಹೊರಟವರು ಇರಲಾರರು.

ಈಗ ಮೂಟೆಯ ಮಾತಿಗೆ ಬರುತ್ತೇನೆ. ಯೂರೋಪಿನ 1999ರ ನಿರ್ದೇಶನ ಬಿಡಿ ಮಾರಾಟವನ್ನು ಮರೆತಿಲ್ಲ. ಆಹಾರ ಬಿಡಿಯಾಗಿ ಇಟ್ಟು ಮಾರುವುದಾದರೆ ಆ ಡಬ್ಬಿಯ ಮೇಲೋ ಪಕ್ಕದಲ್ಲೋ ಫಲಕ ಹಾಕಿ ವಿಕಿರಣದಿಂದ ಸಂಸ್ಕರಿಸಿದ್ದು ಎಂದು ಬರೆಯಿರಿ, ಸಾಕು ಎನ್ನುತ್ತದೆ. ಅಮೆರಿಕದ ನಿಯಮವೂ ಅಷ್ಟೆ. ರಾಶಿ ಹಣ್ಣಿನ ಬಳಿ ಕಾರ್ಡು ಇಡಿ, ಇಲ್ಲವೇ ಪ್ರತಿ ಹಣ್ಣಿಗೂ ಚೀಟಿ ಅಂಟಿಸಿ. ಸೂಪರ್ ಮಾರ್ಕೆಟ್ಟಿನಲ್ಲಿ ಹೆಚ್ಚಿನದೆಲ್ಲ ಪ್ಯಾಕಿನಲ್ಲೇ ಸಿಗುವ ದೇಶಗಳು ಬಿಡಿ ಮಾರಾಟಕ್ಕೆ ದಾರಿ ಮಾಡಿವೆ. ತರಕಾರಿ ಬಹುಪಾಲು ಬಿಡಿಯಾಗಿ ಮಾರುವ ದೇಶ ಪ್ಯಾಕು ಕಡ್ಡಾಯ ಮಾಡಿದೆ.

ನಿಯಮ ಬರೆದವರ ಯೋಚನೆ ನನಗೆ ಅರ್ಥವಾಗದೆ ಇಲ್ಲ. ಬಿಡಿ ತರಕಾರಿಗೆ ಲೇಬಲ್ ಇರುವುದಿಲ್ಲ, ಲೇಬಲ್ ಇಲ್ಲದಿದ್ದರೆ ಜಾಡು ಸಿಗುವುದಿಲ್ಲ, ಹಾಗಾಗಿ ಪ್ಯಾಕು ಇರಲಿ. ತರ್ಕ ಸರಿಯೇ. ಆದರೆ ಪರಿಣಾಮ ತಿರುಗುಮುರುಗು. ಪ್ಯಾಕು ಮಾಡಿ ಮಾರುವ ಶಕ್ತಿ ರಫ್ತುದಾರನಿಗೆ, ದೊಡ್ಡ ಮಸಾಲೆ ಕಂಪನಿಗೆ, ಮಾಲ್‌ಗಳ ಚಿಲ್ಲರೆ ಸರಪಳಿಗೆ ಇದೆ. 50 ಕಿಲೋ ಮೂಟೆ ತಂದು ಬಾಯಿ ಬಿಚ್ಚುವ ಅಂಗಡಿಯವನಿಗೆ ಇಲ್ಲ. ಮೂಟೆಗೆ ಲೇಬಲ್ ಹೊಲಿದಿದ್ದರೂ ಬಾಯಿ ಬಿಚ್ಚಿದ ಗಳಿಗೆಯಲ್ಲಿ ಪ್ರಾಮಾಣಿಕನೂ ನಿಯಮ ಮುರಿದಂತಾಗುತ್ತದೆ. ಗೋಣಿಯ ಜೊತೆ ಲೇಬಲ್ಲೂ ಹರಿದುಹೋದರೆ ಮುರಿದದ್ದು ಯಾರಿಗೂ ತಿಳಿಯುವುದಿಲ್ಲ.

ಲೇಬಲ್ ಯಾಕೆ ಬೇಕೆಂದರೆ ಭಯಕ್ಕಷ್ಟೇ ಅಲ್ಲ. ಇನ್ನೊಂದು ಕಾರಣವೂ ಇದೆ. ಅದನ್ನು ನಗರದ ಗ್ರಾಹಕ ಹಕ್ಕಿನವರು ಎತ್ತಿದ್ದು ನಾನು ಕಂಡಿಲ್ಲ, ಹಳ್ಳಿಯವರಿಗೆ ಮಾತ್ರ ಹೊಳೆಯುವಂಥದು. ಅಡುಗೆಗೆ ತಂದ ಬೆಳ್ಳುಳ್ಳಿಯಲ್ಲಿ ಎರಡು ಎಸಳು, ಕಣ್ಣು ಬಂದ ಒಂದು ಆಲೂಗಡ್ಡೆ, ಮೂಲೆಯಲ್ಲಿ ಒಣಗಿದ ಶುಂಠಿ ತುಂಡು ಹಿತ್ತಲಿಗೆ ಹೋಗುತ್ತವೆ, ಮಣ್ಣು ಮುಚ್ಚುತ್ತಾರೆ, ನೀರು ಬಿಡುತ್ತಾರೆ. ಶುಂಠಿ ಬೆಳೆಗಾರನೂ ಬಿತ್ತನೆ ಗಡ್ಡೆ ಸಾಲದಾದಾಗ ಮಂಡಿಯಿಂದ ತಂದು ಹೂಳುವುದುಂಟು. ಗಾಮಾ ತಾಗಿದ ಗಡ್ಡೆಯಾದರೆ ಅದು ಮೊಳೆಯುವುದಿಲ್ಲ. ಮೊಳೆಯದಿರಲಿ ಎಂದೇ ಮಾಡಿದ್ದು. ಅಡುಗೆಗೆ ವರ, ಬಿತ್ತನೆಗೆ ಮೋಸ. ಲೇಬಲ್ಲಿನಲ್ಲಿ ಯಾತಕ್ಕಾಗಿ ಸಂಸ್ಕರಿಸಿದ್ದು ಎಂಬ ಸಾಲು ಇಂಥವರಿಗೇ ಬೇಕು.

ಇದೆಲ್ಲ ಈಗೇಕೆ ಎಂದರೆ ಕೋಬಾಲ್ಟು ನಿಜವಾಗಿಯೂ ಹಳ್ಳಿಗಳತ್ತ ಹೊರಟಿದೆ. 2024ರ ಜುಲೈ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಸಣ್ಣ, ಮಧ್ಯಮ ಉದ್ಯಮ ವಲಯದಲ್ಲಿ 50 ಬಹುಪದಾರ್ಥ ವಿಕಿರಣ ಘಟಕಗಳಿಗೆ ನೆರವು ಘೋಷಿಸಿತು. ಅದೇ ವರ್ಷ ಈರುಳ್ಳಿಯ ಕಾಪು ದಾಸ್ತಾನಿನಲ್ಲಿ ಒಂದು ಲಕ್ಷ ಟನ್ನಿಗೆ ವಿಕಿರಣ ಕೊಟ್ಟು ಇಡುವ ಯೋಜನೆಯ ಮಾತೂ ಬಂತು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಬೆಂಗಳೂರು ಗುಲಾಬಿ ಈರುಳ್ಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದು ಹೋಗುವುದು ಹೆಚ್ಚಾಗಿ ಮಲೇಷ್ಯಾ, ಸಿಂಗಪುರಗಳಿಗೆ. ರಫ್ತು ನಿಂತ ವರ್ಷ ಇಲ್ಲಿ ಕೇಳುವವರಿಲ್ಲದೆ ಮೊಳೆತು ಹೋಗುವ ಬೆಳೆ. ಹೋಬಳಿಗೆ ಹತ್ತಿರವೇ ಘಟಕವಿದ್ದರೆ ರೈತರಿಗೆ ಉಪಯೋಗವಾಗಬಹುದು. ಅದಕ್ಕೂ ಷರತ್ತಿದೆ. ಕಿತ್ತು, ಚೆನ್ನಾಗಿ ಒಣಗಿಸಿ, ಗಡ್ಡೆ ಇನ್ನೂ ನಿದ್ದೆಯಲ್ಲಿರುವಾಗಲೇ, ಕೆಲವೇ ವಾರಗಳೊಳಗೆ ಕೊಡಬೇಕು. ಒಳಗೆ ಮೊಗ್ಗು ಎಚ್ಚತ್ತ ಮೇಲೆ ಕೊಟ್ಟರೆ ಅದು ಅಲ್ಲೇ ಸತ್ತು ನಡುವೆ ಕಂದು ಕಲೆ ಉಳಿಯುತ್ತದೆ. ಕೊಳೆಯುವುದನ್ನಂತೂ ಕಿರಣ ತಡೆಯುವುದಿಲ್ಲ. ಮಳೆಗೆ ಸಿಕ್ಕ ಈರುಳ್ಳಿಯನ್ನು ಯಾವ ಕೋಬಾಲ್ಟೂ ಉಳಿಸಲಾರದು.

ಹಾಗೆ ಸಂಸ್ಕರಿಸಿದ ಈರುಳ್ಳಿ ಹೊಸಕೋಟೆ ಮಾರುಕಟ್ಟೆಗೆ ಬಂದು, ಅಲ್ಲಿಂದ ಸಮೇತನಹಳ್ಳಿಯ ಅಂಗಡಿಗೆ ಇಳಿದರೆ ಅದನ್ನು ಮಾರುವುದು ಹೇಗೆ ಎಂಬುದಕ್ಕೆ ಇವತ್ತಿನ ನಿಯಮದಲ್ಲಿ ಉತ್ತರವಿಲ್ಲ. ಒಂದು ಕಿಲೋ ಪ್ಲಾಸ್ಟಿಕ್ ಪೊಟ್ಟಣ ಮಾಡಿ ಎಂದರೆ ಈರುಳ್ಳಿ ಬೆವರುತ್ತದೆ, ಬಲೆಚೀಲ ಎಂದರೆ ಅದರ ಖರ್ಚು ಯಾರ ತಲೆಗೆ? ಯೂರೋಪಿನಂತೆ ಮೂಟೆಯ ಪಕ್ಕ ಒಂದು ಫಲಕ, ಮಂಡಿಯಿಂದ ಬರುವ ಬಿಲ್ಲಿನಲ್ಲಿ ಘಟಕದ ಲೈಸೆನ್ಸ್ ಸಂಖ್ಯೆ, ಬಿತ್ತನೆಗೆ ಬಾರದು ಎಂಬ ಒಂದು ಸಾಲು ಕನ್ನಡದಲ್ಲಿ, ಇಷ್ಟಿದ್ದರೆ ಜಾಡೂ ಉಳಿಯುತ್ತದೆ, ವ್ಯಾಪಾರವೂ ನಡೆಯುತ್ತದೆ. ಇದಕ್ಕೆ ಸಂಸತ್ತು ಸೇರಬೇಕಿಲ್ಲ. 2006ರ ಕಾಯ್ದೆಯ 92ನೆಯ ಸೆಕ್ಷನ್ ಪ್ರಕಾರ ಆಹಾರ ಪ್ರಾಧಿಕಾರ ಕರಡು ಪ್ರಕಟಿಸಿ, ಕೇಂದ್ರದ ಒಪ್ಪಿಗೆ ಪಡೆದು ನಿಯಮಾವಳಿ ತಿದ್ದಬಹುದು. ಪಟ್ಟಿಯನ್ನು ಎಂಟು ವರ್ಗ ಮಾಡಿದ್ದು ಇದೇ ದಾರಿಯಲ್ಲಿ. ಘಟಕಗಳಿಗೆ ಹಣ ಹಂಚುವ ಮೊದಲು, ಪ್ಯಾಕಿನಲ್ಲಷ್ಟೇ ಮಾರಬೇಕೆನ್ನುವ ಆ ಒಂದು ಸಾಲನ್ನು ತಿದ್ದುವುದು ಪ್ರಾಧಿಕಾರದ ಕೈಯಲ್ಲೇ ಇದೆ.